ಕಲ್ಯಾಣ–ಹುಮನಾಬಾದ ಸೀಮೆಯ ವಿದ್ಯಾರ್ಥಿಗಳೂ ಇಂಜಿನಿಯರಿಂಗ್ ಸಂಶೋಧನೆಯೂ: ಒಂದು ಐತಿಹಾಸಿಕ ವಿವೇಚನೆ

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳ ಹೆಸರನ್ನು ಎತ್ತಿದೊಡನೆಯೇ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಚಾಳುಕ್ಯರ ರಾಜಧಾನಿ, ಶರಣರ ಅನುಭವಮಂಟಪ, ಮಾಣಿಕಪ್ರಭುಗಳ ಸಂಸ್ಥಾನ ಇವೇ ಮೊದಲಾದುವು. ಇಂಜಿನಿಯರಿಂಗ್ ಸಂಶೋಧನೆ ಎಂಬ ಮಾತು ಈ ಹೆಸರುಗಳ ಜೊತೆಯಲ್ಲಿ ಸುಲಭವಾಗಿ ಕೂಡಿಬರುವುದಿಲ್ಲ. ಏಕೆ ಕೂಡಿಬರುವುದಿಲ್ಲ ಎಂಬುದೇ ಪ್ರಕೃತ ಲೇಖನದ ವಿಷಯ. ಈ ಸೀಮೆಯ ಪರಿಶಿಷ್ಟ ಜಾತಿ ವರ್ಗಗಳ, ಅಲ್ಪಸಂಖ್ಯಾತರ, ಕೈಕಸುಬಿನ ಮನೆತನಗಳ ಮಕ್ಕಳು ಕಳೆದ ಆರೇಳು ದಶಕಗಳಲ್ಲಿ ಶಾಲೆಯ ಬಾಗಿಲನ್ನು ದಾಟಿದರು, ಕಾಲೇಜಿನ ಬಾಗಿಲನ್ನು ದಾಟಿದರು, ಕೆಲಮಟ್ಟಿಗೆ ಇಂಜಿನಿಯರಿಂಗ್ ಪದವಿಯನ್ನೂ ಪಡೆದರು. ಆದರೆ ಸಂಶೋಧನಾಲಯದ ಬಾಗಿಲ ಬಳಿ ಬಂದಾಗ ಅವರ ಸಂಖ್ಯೆ ಒಮ್ಮೆಗೇ ಕ್ಷೀಣವಾಗುತ್ತದೆ. ಇದಕ್ಕೆ ಬಡತನವೊಂದೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಬಡತನ ದೊಡ್ಡ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿದ್ಯೆಗೆ ಪ್ರವೇಶ ದೊರಕುವುದು ಒಂದು, ವಿದ್ಯಾವಂತರ ಒಡನಾಟ ದೊರಕುವುದು ಇನ್ನೊಂದು. ಈ ಎರಡರ ಚರಿತ್ರೆ ಈ ಸೀಮೆಯಲ್ಲಿ ಬೇರೆ ಬೇರೆಯಾಗಿ ನಡೆದಿದೆಯೆಂಬುದು ನಮ್ಮ ಅಭಿಪ್ರಾಯ.

ಹಳೆಯ ಕಾಲದಿಂದಲೇ ಆರಂಭಿಸೋಣ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಮೊದಲನೆಯ ಸೋಮೇಶ್ವರನು ಮಾನ್ಯಖೇಟದಿಂದ ಕಲ್ಯಾಣಕ್ಕೆ ರಾಜಧಾನಿಯನ್ನು ತಂದನು. ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣನೂ ಮಿತಾಕ್ಷರದ ಕರ್ತೃವಾದ ವಿಜ್ಞಾನೇಶ್ವರನೂ ಇದ್ದರು. ಅವನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಐದು ವಿಂಶತಿಗಳಾಗಿ ನೂರು ಅಧ್ಯಾಯಗಳಲ್ಲಿ ಹರಡಿಕೊಂಡ ಈ ಗ್ರಂಥದಲ್ಲಿ ರಾಜನೀತಿ, ಅಡುಗೆ, ಆನೆಗಳ ಪಾಲನೆ, ಚಿತ್ರಕಲೆ, ವಾಸ್ತು, ರತ್ನಪರೀಕ್ಷೆ, ಲೋಹದ ವಿಗ್ರಹಗಳನ್ನು ಮೇಣದ ಅಚ್ಚಿನಿಂದ ಎರಕ ಹೊಯ್ಯುವ ಕ್ರಮ ಎಲ್ಲವೂ ಇವೆ. ಕಸುಬುದಾರನ ಕೈಯಲ್ಲಿದ್ದ ತಿಳಿವಳಿಕೆಯನ್ನು ಇಷ್ಟು ಆಸಕ್ತಿಯಿಂದ ಬರೆದಿಟ್ಟ ಅರಸರು ವಿರಳ. ಆದರೂ ಒಂದು ಮಾತನ್ನು ಗಮನಿಸಬೇಕು. ಎರಕ ಹೊಯ್ದವನ ವಿದ್ಯೆ ಗ್ರಂಥಕ್ಕೆ ಬಂದಿತು, ಎರಕ ಹೊಯ್ದವನು ಬರಲಿಲ್ಲ. ಅವನ ತಿಳಿವಳಿಕೆಯು ಅವನಿಗೆ ತಿಳಿಯದ ಭಾಷೆಯಲ್ಲಿ, ಅವನು ಕುಳಿತಿರದ ಸಭೆಯಲ್ಲಿ, ಇನ್ನೊಬ್ಬರ ಪಾಂಡಿತ್ಯವಾಗಿ ಪರಿಣಮಿಸಿತು.

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಸ್ತ್ರೀಯೊಬ್ಬಳ ಶಿಲ್ಪವಿದೆ. ಶಾಸನ ಸುಂದರಿಯೆಂದು ಪ್ರಸಿದ್ಧವಾದ ಈ ಶಿಲ್ಪವನ್ನು ನೋಡಲು ಬರುವವರೆಲ್ಲ ಅವಳ ಭಂಗಿಯನ್ನು ಮೆಚ್ಚಿ ಹೋಗುತ್ತಾರೆ. ಅಕ್ಷರವಿದ್ಯೆ ಬಲ್ಲ ಹೆಣ್ಣೊಬ್ಬಳು ಆ ಕಾಲದ ಶಿಲ್ಪಿಯ ಕಲ್ಪನೆಗೆ ನಿಲುಕಿದ್ದಳೆಂಬುದು ಸಣ್ಣ ಸಂಗತಿಯಲ್ಲ. (ಅವಳು ಬರೆಯುತ್ತಿರುವುದು ಅರಸನ ಸ್ತುತಿಯನ್ನೇ ಹೊರತು ತನ್ನ ಮಾತನ್ನಲ್ಲ ಎಂಬುದೂ ಸತ್ಯ.)

ಮಾನಸೋಲ್ಲಾಸ ಪೂರ್ಣವಾದ ಮೂವತ್ತು ನಲವತ್ತು ವರ್ಷಗಳಲ್ಲಿಯೇ, ಅದೇ ಊರಿನಲ್ಲಿ, ಇದಕ್ಕೆ ತೀರ ಭಿನ್ನವಾದುದೊಂದು ನಡೆಯಿತು. ಕಳಚುರಿ ಬಿಜ್ಜಳನ ಕಾಲದಲ್ಲಿ ಬಸವಣ್ಣನವರ ಸುತ್ತ ಸೇರಿದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ, ಬಿದಿರಿನ ಕೆಲಸದ ಮೇದರ ಕೇತಯ್ಯ, ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ಚಮ್ಮಾರ ಹರಳಯ್ಯ ಇವರೆಲ್ಲ ಇದ್ದರು. ಅನುಭವಮಂಟಪವು ಕಟ್ಟಡವಾಗಿತ್ತೇ, ಅಥವಾ ಗೋಷ್ಠಿಗೆ ನಂತರದವರು ಕೊಟ್ಟ ಹೆಸರೇ ಎಂಬ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗೋಷ್ಠಿಯ ವಿವರವಾದ ಚಿತ್ರವನ್ನು ಕೊಡುವ ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನ ಮತ್ತು ಅದರ ಈಚಿನವು. ನಮ್ಮ ಪ್ರಯೋಜನಕ್ಕೆ ಆ ಚರ್ಚೆ ನಿರ್ಣಾಯಕವಲ್ಲ. ವಚನಗಳು ಉಳಿದಿವೆ. ಅವುಗಳಲ್ಲಿ ಕಸುಬುದಾರನು ತನ್ನ ಕಸುಬಿನ ಮಾತುಗಳನ್ನೇ ಹಿಡಿದು ವಿಚಾರ ಮಾಡುತ್ತಾನೆ, ತನ್ನ ಅಂಕಿತವನ್ನು ಇಡುತ್ತಾನೆ. ಮೂವತ್ತಕ್ಕೂ ಹೆಚ್ಚು ಸ್ತ್ರೀಯರ ವಚನಗಳೂ ದೊರೆತಿವೆ.

ಇಲ್ಲಿ ನಾವು ಎತ್ತಿಹಿಡಿಯಬೇಕೆಂದಿರುವ ಅಂಶ ಧಾರ್ಮಿಕವಾದುದಲ್ಲ. ಶೂನ್ಯಸಂಪಾದನೆಯ ಚಿತ್ರದಲ್ಲಿ ಹೊಸದಾಗಿ ಬಂದವನನ್ನು ಯಾರೂ ಮಾತಿಲ್ಲದೆ ಒಳಗೆ ಕುಳ್ಳಿರಿಸಿ ಸುಮ್ಮನಾಗುವುದಿಲ್ಲ. ಅಲ್ಲಮಪ್ರಭುಗಳು ಪ್ರಶ್ನೆ ಕೇಳುತ್ತಾರೆ. ಬಂದವನು ಉತ್ತರ ಹೇಳುತ್ತಾನೆ. ಉತ್ತರ ಸಾಲದಾದರೆ ಪ್ರಶ್ನೆ ಮತ್ತಷ್ಟು ಕಠಿನವಾಗುತ್ತದೆ. ಸೊನ್ನಲಿಗೆಯ ಸಿದ್ಧರಾಮನಂತಹ, ಕೆರೆಕಟ್ಟೆಗಳನ್ನು ಕಟ್ಟಿಸಿ ಪ್ರಸಿದ್ಧನಾಗಿದ್ದ ಕರ್ಮಯೋಗಿಗೂ ಈ ಪರೀಕ್ಷೆ ತಪ್ಪಲಿಲ್ಲ. ಕಠಿನವಾಗಿ ಪ್ರಶ್ನಿಸುವುದು ಹೊರಗಿಡುವುದಕ್ಕಾಗಿಯೂ ಆಗಬಹುದು, ಒಳಗೆ ತೆಗೆದುಕೊಳ್ಳುವುದಕ್ಕಾಗಿಯೂ ಆಗಬಹುದು. ಕಲ್ಯಾಣದಲ್ಲಿ ಅದು ಎರಡನೆಯದಾಗಿತ್ತೆಂಬುದೇ ಪರಂಪರೆಯ ಹೇಳಿಕೆ. ಆ ಪ್ರಯೋಗ ಬಹುಕಾಲ ಬಾಳಲಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹ, ಅದರ ಮೇಲಣ ದಂಡನೆ, 1167ರ ಸುಮಾರಿನ ಕ್ಷೋಭೆ, ಶರಣರ ಚೆದುರುವಿಕೆ ಇವು ಪರಂಪರೆಯಿಂದ ಎಲ್ಲರಿಗೂ ತಿಳಿದ ವಿಷಯಗಳು. ಜೊತೆಯಲ್ಲಿ ಕುಳಿತು ವಿಚಾರ ಮಾಡುವುದನ್ನು ಸಹಿಸಿದ ಸಮಾಜವು ಸಂಬಂಧ ಬೆಳೆಸುವುದನ್ನು ಸಹಿಸಲಿಲ್ಲ.

ಮುಂದಿನ ಏಳು ಶತಮಾನಗಳನ್ನು ನಾವು ಬೇಗ ದಾಟುತ್ತೇವೆ. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ 1472ರಲ್ಲಿ ಪೂರ್ಣವಾದುದು, ಬಹಮನಿಗಳ ಕಾಲದಲ್ಲಿ ನೌಬಾದಿನ ಬಳಿ ಜಂಬಿಟ್ಟಿಗೆಯ ನೆಲವನ್ನು ಕೊರೆದು ಕಾರೇಜ್ ಎಂಬ ಭೂಗತ ಕಾಲುವೆಯನ್ನು ನಿರ್ಮಿಸಿದುದು, ಬಿದರಿ ಕೆಲಸದ ಕುಶಲಿಗಳು ನೆಲೆಸಿದುದು ಇವು ಈ ಜಿಲ್ಲೆಯ ತಾಂತ್ರಿಕ ಚರಿತ್ರೆಯ ದೊಡ್ಡ ಘಟ್ಟಗಳು. ಕಾರೇಜಿನ ತಂತ್ರ ಪಾರಸೀಕ ದೇಶದ್ದು; ಅಗೆದ ಕೈಗಳು ಬಹುಮಟ್ಟಿಗೆ ಇಲ್ಲಿಯವೇ ಇರಬೇಕು. ಅವರ ಹೆಸರೂ ಉಳಿದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಯಾಣವು ನಿಜಾಮರ ಅಧೀನದ ನವಾಬರ ಜಾಗೀರಾಗಿತ್ತು. ಹುಮನಾಬಾದವು ಹೈದರಾಬಾದು–ಸೊಲ್ಲಾಪುರದ ಹಾದಿಯ ಮೇಲಣ ವ್ಯಾಪಾರದ ಊರು. ಅದರ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದೂಸ್ಥಾನಿ ಮಾತುಗಳಲ್ಲಿ ಪದಗಳನ್ನು ರಚಿಸಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬುದು ಇಲ್ಲಿಯ ಸಹಜಸ್ಥಿತಿ. ಇಷ್ಟು ಭಾಷೆಗಳ ನಡುವೆ ಬೆಳೆದವನು ವಿದ್ಯೆಯಲ್ಲಿ ಮುಂದಾಗಬೇಕಾಗಿತ್ತಲ್ಲವೇ ಎಂದು ವಾಚಕರು ಕೇಳಬಹುದು. ಭಾಷೆಗಳು ಇದ್ದುವು, ಶಾಲೆಗಳು ಇರಲಿಲ್ಲ. ಜಾಗೀರಿನ ಹಳ್ಳಿಗಳಲ್ಲಂತೂ ವಿದ್ಯಾಭ್ಯಾಸವು ಜಾಗೀರದಾರನ ಇಚ್ಛೆಯನ್ನು ಅವಲಂಬಿಸಿತ್ತು. ಜಾಗೀರುಗಳು ರದ್ದಾದುದು 1949ರಲ್ಲಿ, ಪೋಲೀಸ್ ಕಾರ್ಯಾಚರಣೆಯ ಮರುವರ್ಷ.

ಆದರೆ ಹೈದರಾಬಾದು ಸಂಸ್ಥಾನವು ತಾಂತ್ರಿಕ ವಿದ್ಯೆಯಲ್ಲಿ ಹಿಂದುಳಿದಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. 1908ರ ಮೂಸಿ ನದಿಯ ಪ್ರವಾಹದ ತರುವಾಯ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡ ಸರ್ಕಾರ ಅದು. ಅದರ ಮುಖ್ಯ ಇಂಜಿನಿಯರರಾಗಿದ್ದ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರು ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಓದಿ ಬಂದವರು; 1923ರಿಂದ 1931ರವರೆಗೆ ಮಂಜೀರಾ ನದಿಗೆ ಕಟ್ಟಿದ ನಿಜಾಮ್‌ಸಾಗರ ಅವರ ಕೃತಿ. ಪ್ರತಿಭಾವಂತನೊಬ್ಬನನ್ನು ಗುರುತಿಸಿ, ಖರ್ಚು ಕೊಟ್ಟು, ಹಡಗು ಹತ್ತಿಸಿ, ಹಿಂದಿರುಗಿದ ಮೇಲೆ ಯೋಗ್ಯವಾದ ಕೆಲಸವನ್ನು ವಹಿಸಿ, ಜಲಾಶಯ ಕಟ್ಟುವವರೆಗೆ ಬೆಂಬಲವಾಗಿ ನಿಲ್ಲುವುದು ಹೇಗೆಂಬುದು ಆ ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತು. ತಿಳಿದ ಆ ವಿದ್ಯೆಯನ್ನು ಅದು ರಾಜಧಾನಿಯ ಪ್ರತಿಷ್ಠಿತ ಮನೆತನಗಳಿಗಾಗಿ ಬಳಸಿತು. ಅದೇ ಮಂಜೀರಾ ನದಿ ಬೀದರ ಜಿಲ್ಲೆಯನ್ನು ಹಾದು ಹೋಗುತ್ತದೆ. ಅದರ ದಡದ ಹಳ್ಳಿಯ ಹುಡುಗನಿಗೆ ಆ ಏಣಿಯ ಮೊದಲ ಮೆಟ್ಟಿಲೂ ಕಾಣುತ್ತಿರಲಿಲ್ಲ.

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದನ್ನು ಉಚ್ಚಶಿಕ್ಷಣದ ಮಾಧ್ಯಮವಾಗಿ ಮಾಡಿಕೊಂಡ ಭಾರತದ ಮೊದಲ ಆಧುನಿಕ ವಿಶ್ವವಿದ್ಯಾನಿಲಯ. 1929ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಭಾಷಾಂತರ ವಿಭಾಗವೊಂದು ವಿಜ್ಞಾನ, ಗಣಿತ, ಯಂತ್ರಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ಇದು ಮೆಚ್ಚಬೇಕಾದ ಸಾಹಸ. ಕನ್ನಡದಲ್ಲಿ ನಾವು ಇಂದಿಗೂ ಆ ಪ್ರಮಾಣದಲ್ಲಿ ಮಾಡಲಾರದ ಕೆಲಸ. ಆದರೆ ಸಂಸ್ಥಾನದ ಬಹುಸಂಖ್ಯಾತರ ಮಾತು ತೆಲುಗು, ಮರಾಠಿ, ಕನ್ನಡ. ಮೂರರಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಕನ್ನಡಿಗರಲ್ಲಿಯೂ ಅಸ್ಪೃಶ್ಯರೆನಿಸಿಕೊಂಡವರ ಮಗು ಶಾಲೆಯ ಜಗುಲಿಯ ಆಚೆಗೆ ಕುಳಿತು ಕೇಳಬೇಕಾದ ಕಾಲದಲ್ಲಿ, ಕೇಳಿದ ಪಾಠವೂ ಮನೆಯ ಮಾತಿನಲ್ಲಿ ಇರಲಿಲ್ಲ. 1948ರ ಅನಂತರ ಉರ್ದು ಹೋಗಿ ಇಂಗ್ಲಿಷ್ ಬಂದಿತು. ಉರ್ದುವಿನಲ್ಲಿಯೇ ಕಲಿತಿದ್ದ ಮುಸಲ್ಮಾನ ಮನೆತನಗಳ ಮಕ್ಕಳಿಗೆ ಈ ಬದಲಾವಣೆ ಎಷ್ಟು ದೊಡ್ಡ ಆಘಾತವಾಯಿತೆಂಬುದನ್ನು ನಮ್ಮ ಚರಿತ್ರಕಾರರು ಸಾಕಷ್ಟು ಬರೆದಿಲ್ಲ. ಒಂದು ತಲೆಮಾರಿನ ವಿದ್ಯೆಯ ನಾಣ್ಯ ಒಮ್ಮೆಗೇ ಚಲಾವಣೆ ಕಳೆದುಕೊಂಡಂತಾಯಿತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಸ್ಥಿತಿ ಬೇರೆಯಾಗಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿಯೇ ಸ್ಥಾಪಿತವಾಗಿತ್ತು. ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆಯೂ ಅಲ್ಲಿ ಬೇಗನೆ ಎದ್ದಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರರಿಗೆ ಅವಕಾಶ ಹೆಚ್ಚಿಸಬೇಕೆಂದಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಈ ವಿಷಯದ ಅಭಿಪ್ರಾಯಭೇದವೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಯೋಗ್ಯತೆಯೇ ಮುಖ್ಯವೆಂಬ ಪಕ್ಷ, ಯೋಗ್ಯತೆ ಬೆಳೆಯುವುದಕ್ಕೆ ಮೊದಲು ಸ್ಥಾನ ಬೇಕೆಂಬ ಪಕ್ಷ ಇವೆರಡರ ನಡುವಣ ವಾದ ಅಂದು ಪ್ರಾರಂಭವಾದುದು ಇಂದಿಗೂ ಮುಗಿದಿಲ್ಲ. ಎರಡು ಪಕ್ಷದವರೂ ಬಾಗಿಲಿನ ಬಗೆಗೆ ವಾದ ಮಾಡಿದಷ್ಟು, ಒಳಗೆ ಬಂದವನನ್ನು ಯಾರು ಬೆಳೆಸಬೇಕೆಂಬುದರ ಬಗೆಗೆ ವಾದ ಮಾಡಲಿಲ್ಲವೆಂಬುದು ನಮಗೆ ಕಂಡುಬರುವ ಕೊರತೆ.

1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದುವು. ಹಳೆಯ ಬೀದರ ಜಿಲ್ಲೆ ಮೂರು ಹೋಳಾಗಿ, ಉದಗೀರ, ನಿಲಂಗಾ ಮುಂತಾದುವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದುವು. ಕಲ್ಯಾಣಿ ಎನಿಸಿಕೊಂಡಿದ್ದ ಊರು ಬಸವಕಲ್ಯಾಣವಾಯಿತು. ಎರಡು ವರ್ಷಗಳಲ್ಲಿ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿ, ಗುಲ್ಬರ್ಗಾದಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಬೆಂಗಳೂರಿನ ಕಾಲೇಜಿಗೂ ಇದಕ್ಕೂ ನಡುವೆ ನಲವತ್ತೊಂದು ವರ್ಷಗಳ ಅಂತರ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯ ಬಂದಿತು. ಅದರ ಅನಂತರ ಬೀದರ, ಭಾಲ್ಕಿ, ಬಸವಕಲ್ಯಾಣಗಳಲ್ಲಿಯೇ ಇಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದುವು. 1998ರಿಂದ ಇವೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದುವು. ಒಂದು ಕಾಲದಲ್ಲಿ ಹುಮನಾಬಾದಿನ ಹುಡುಗನು ಇಂಜಿನಿಯರಾಗಲು ಹೈದರಾಬಾದಿಗೆ ಹೋಗಬೇಕಾಗಿತ್ತು. ಈಗ ಮನೆಯಲ್ಲಿ ಉಂಡು ಬಸ್ಸು ಹಿಡಿದು ಹೋಗಿ ಬರಬಹುದು.

ಪ್ರವೇಶದ ಹಕ್ಕಿಗಾಗಿ ನಡೆದ ಹೋರಾಟದ ಚರಿತ್ರೆಯೂ ಉದ್ದವಾದುದು. ನಿಜಾಮರ ಕಾಲದ 1919ರ ಮುಲ್ಕಿ ನಿಯಮಗಳು ಸ್ಥಳೀಯರಿಗೆ ಉದ್ಯೋಗವನ್ನು ಕಾದಿರಿಸಿದ್ದುವು. ಹಳೆಯ ಹೈದರಾಬಾದು ಸಂಸ್ಥಾನದ ತೆಲುಗು ಭಾಗದ ಸ್ಥಳೀಯರಿಗೆ ಸಂವಿಧಾನದ 371ಡಿ ವಿಧಿಯ ಮೂಲಕ 1973ರಲ್ಲಿಯೇ ರಕ್ಷಣೆ ದೊರೆಯಿತು. ಕನ್ನಡ ಭಾಗವು 2012ರವರೆಗೆ ಕಾಯಬೇಕಾಯಿತು. ಆ ವರ್ಷದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳೂ ಇಲ್ಲಿಯವರಿಗೆ ಮೀಸಲಾದುವು. ಅದಕ್ಕೆ ಮೊದಲು, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಐ.ಐ.ಟಿ. ರಾಯಚೂರಿಗೆ ಬರಬೇಕೆಂಬ ಬೇಡಿಕೆ ಬಹುಕಾಲ ನಡೆದು, 2016ರಲ್ಲಿ ಅದು ಧಾರವಾಡದಲ್ಲಿ ಆರಂಭವಾಯಿತು. ರಾಯಚೂರಿಗೆ 2019ರಲ್ಲಿ ಐ.ಐ.ಐ.ಟಿ. ಬಂದಿತು. ಅದೇ ವರ್ಷ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದಾಯಿತು. ಹೆಸರು ಬದಲಾಯಿಸುವುದರಲ್ಲಿ ನಮ್ಮವರು ತಡಮಾಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಸಂಶೋಧನೆಯ ಮೆಟ್ಟಿಲು ಏಕೆ ಬರಿದಾಗಿದೆ? 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಸುಮಾರು ಹದಿನೇಳು ಲಕ್ಷ ಜನರಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದವರು ಕೂಡಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಮುಸಲ್ಮಾನರು ಸುಮಾರು ಐದನೆಯ ಒಂದು ಭಾಗ. ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚಾದ ಈ ಸಮೂಹದಿಂದ ಬಂದ ಸಂಶೋಧಕರು ದೊಡ್ಡ ಪ್ರಯೋಗಾಲಯಗಳಲ್ಲಿ ಎಷ್ಟು ಮಂದಿಯಿದ್ದಾರೆಂದು ಯಾವ ಅಧ್ಯಾಪಕನಾದರೂ ಬೆರಳೆಣಿಸಿ ನೋಡಬಹುದು. ಹಣದ ಏರ್ಪಾಡು ಪೂರ್ತಿಯಾಗಿ ಇಲ್ಲದೆ ಇಲ್ಲ. ಗೇಟ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಎಂ.ಟೆಕ್. ಸೇರಿದವನಿಗೆ ತಿಂಗಳಿಗೆ 12,400 ರೂಪಾಯಿ ದೊರೆಯುತ್ತದೆ. 2005–06ರಿಂದ ಪರಿಶಿಷ್ಟ ಜಾತಿ ವರ್ಗಗಳ ಸಂಶೋಧಕರಿಗೆ ರಾಜೀವ ಗಾಂಧಿ ರಾಷ್ಟ್ರೀಯ ಫೆಲೋಷಿಪ್ ಬಂದಿತು. 2009ರಲ್ಲಿ ಅಲ್ಪಸಂಖ್ಯಾತರಿಗಾಗಿ ಆರಂಭವಾದ ಮೌಲಾನಾ ಆಜಾದ್ ಫೆಲೋಷಿಪ್ಪನ್ನು 2022ರಲ್ಲಿ ನಿಲ್ಲಿಸಲಾಯಿತು. ಇತರ ಯೋಜನೆಗಳಲ್ಲಿ ಇವರಿಗೆ ಅವಕಾಶವಿದೆಯೆಂಬುದು ಸರ್ಕಾರ ಕೊಟ್ಟ ಕಾರಣ. ಕಾರಣವೇನೇ ಇರಲಿ, ಈ ಸೀಮೆಯಂತಹ ಸ್ಥಳದಲ್ಲಿ ಅದು ನಷ್ಟವೇ.

ಆದರೆ ಫೆಲೋಷಿಪ್ಪಿಗೆ ಅರ್ಜಿ ಹಾಕುವ ಮುನ್ನ ನಡೆಯಬೇಕಾದ ಸಂಗತಿಗಳಿವೆ, ಮತ್ತು ಅವು ಯಾವ ಸುತ್ತೋಲೆಯಲ್ಲಿಯೂ ಬರೆದಿರುವುದಿಲ್ಲ. ವಿದ್ಯಾವಂತ ಮನೆತನದ ಹುಡುಗನಿಗೆ ಇವು ಊಟದ ಪಂಕ್ತಿಯಲ್ಲಿಯೇ ತಿಳಿದುಬಿಡುತ್ತವೆ. ಎಂ.ಟೆಕ್. ಎರಡನೆಯ ವರ್ಷದ ಪ್ರಬಂಧವೇ ಮುಂದಿನ ಸಂಶೋಧನೆಯ ಬೀಜವೆಂಬುದು; ಪ್ರಾಧ್ಯಾಪಕರಿಗೆ ಪತ್ರ ಬರೆಯುವಾಗ ಬಯೋಡೇಟಾ ಒಂದನ್ನೇ ಕಳುಹಿಸದೆ ಅವರ ಒಂದು ಲೇಖನವನ್ನಾದರೂ ಓದಿರಬೇಕೆಂಬುದು; ಪ್ರಯೋಗ ಕೆಡುವುದು ಅವಮಾನವಲ್ಲವೆಂಬುದು; ಸಂದರ್ಶನದಲ್ಲಿ ತಿಳಿಯದ ಪ್ರಶ್ನೆಗೆ ತಿಳಿಯದೆಂದು ಹೇಳಿ, ತಿಳಿದುಕೊಳ್ಳುವ ದಾರಿಯನ್ನು ಯೋಚಿಸಿ ತೋರಿಸಬಹುದೆಂಬುದು. ನಾವು ಬಲ್ಲಂತೆ ಹಳ್ಳಿಯಿಂದ ಬಂದ ಸ್ನಾತಕೋತ್ತರ ವಿದ್ಯಾರ್ಥಿಯು ಅಧ್ಯಾಪಕರ ಕೊಠಡಿಯ ಹೊರಗೆ ಅರ್ಧಗಂಟೆ ನಿಂತು, ಒಳಗೆ ಹೋಗದೆ ಹಿಂದಿರುಗುವುದುಂಟು. ಅವನಿಗೆ ಸಂದೇಹವಿಲ್ಲವೆಂದು ಅಧ್ಯಾಪಕರು ತಿಳಿಯುತ್ತಾರೆ. ಅವರಿಗೆ ತನ್ನಲ್ಲಿ ಆಸಕ್ತಿಯಿಲ್ಲವೆಂದು ಅವನು ತಿಳಿಯುತ್ತಾನೆ. ಮನೆಯ ಕಡೆಯಿಂದಲೂ ಒತ್ತಡವಿದೆ. ಬಿ.ಇ. ಮುಗಿಸಿದ ಮಗನು ಕೂಡಲೆ ಸಂಬಳ ತರಬೇಕು. ಮಗಳಾದರೆ ಮದುವೆಯ ಮಾತು ಬರುತ್ತದೆ. ಇನ್ನೂ ಐದಾರು ವರ್ಷ ಓದು ಎಂಬುದರ ಅರ್ಥವನ್ನು ತಂದೆತಾಯಿಗಳಿಗೆ ವಿವರಿಸಬಲ್ಲವನು ಅವರ ನಂಟರಲ್ಲಿ ಒಬ್ಬನೂ ಇರುವುದಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಎದುರಿಸಿದ್ದಾರೆಂಬುದನ್ನು ನೋಡುವುದು ಪ್ರಯೋಜನಕರ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ 1988ರಲ್ಲಿ ರಾಬರ್ಟ್ ಮೆಯರ್‌ಹಾಫ್ ಎಂಬ ದಾನಿಯ ನೆರವಿನಿಂದ, ಗಣಿತಜ್ಞ ಫ್ರೀಮನ್ ಹ್ರಬೋವ್ಸ್ಕಿಯವರ ಮೇಲ್ವಿಚಾರಣೆಯಲ್ಲಿ ಒಂದು ಯೋಜನೆ ಆರಂಭವಾಯಿತು. ವಿಜ್ಞಾನ, ಇಂಜಿನಿಯರಿಂಗುಗಳಲ್ಲಿ ಸಂಶೋಧಕರಾಗಬೇಕೆಂಬ ಕಪ್ಪು ಜನಾಂಗದ ತರುಣರು ಮೊದಲ ತಂಡದಲ್ಲಿ 19 ಮಂದಿ. 1990ರಿಂದ ಹೆಣ್ಣುಮಕ್ಕಳಿಗೂ, 1996ರಿಂದ ಎಲ್ಲ ಜನಾಂಗದವರಿಗೂ ಅದು ತೆರೆಯಿತು. ಅದರ ಕ್ರಮ ಸರಳವಾದುದು. ಕಾಲೇಜು ಪ್ರಾರಂಭವಾಗುವ ಮುನ್ನಿನ ಬೇಸಗೆಯಲ್ಲಿಯೇ ವಿದ್ಯಾರ್ಥಿಗಳನ್ನು ಕರೆಸಿ ಒಟ್ಟಿಗೆ ಇರಿಸುವುದು, ಒಟ್ಟಿಗೆ ಓದಿಸುವುದು, ಮೊದಲಿನಿಂದಲೇ ಪ್ರಯೋಗಾಲಯದಲ್ಲಿ ಕೆಲಸ ಕೊಡುವುದು, ಮನೆಯವರನ್ನು ಸಂಪರ್ಕದಲ್ಲಿ ಇರಿಸಿಕೊಳ್ಳುವುದು. ಅನುತ್ತೀರ್ಣನಾಗುವವನನ್ನು ಎತ್ತುವುದು ಅದರ ಗುರಿಯಲ್ಲ. ಚೆನ್ನಾಗಿ ಓದುವವನನ್ನು ಅತ್ಯುತ್ತಮನನ್ನಾಗಿ ಮಾಡುವುದು ಗುರಿ. ಇನ್ನೊಂದು ಉದಾಹರಣೆಯು ನಮ್ಮ ಸೀಮೆಗೆ ಇನ್ನೂ ಹತ್ತಿರವಾದುದು. ನ್ಯಾಷ್‌ವಿಲ್ ನಗರದಲ್ಲಿ ಕಪ್ಪು ಜನರಿಗಾಗಿ 1866ರಲ್ಲಿ ಹುಟ್ಟಿದ ಫಿಸ್ಕ್ ವಿಶ್ವವಿದ್ಯಾನಿಲಯವೂ, ಸಿರಿವಂತವಾದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯವೂ 2004ರಲ್ಲಿ ಒಂದು ಸೇತುವೆಯನ್ನು ಕಟ್ಟಿದುವು. ವಿದ್ಯಾರ್ಥಿಯು ಚಿಕ್ಕ ಸಂಸ್ಥೆಯಲ್ಲಿ ಎಂ.ಎ. ಪದವಿಗೆ ಓದುತ್ತಲೇ ದೊಡ್ಡ ಸಂಸ್ಥೆಯ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಹೋಗಿಬರುತ್ತಾನೆ, ಪಿಎಚ್.ಡಿ.ಗೆ ಅರ್ಜಿ ಹಾಕುವ ವೇಳೆಗೆ ಅವನು ಅಲ್ಲಿಯವರಿಗೆ ಅಪರಿಚಿತನಾಗಿರುವುದಿಲ್ಲ.

ಹೊರದೇಶದ ಉದಾಹರಣೆ ಸಾಲದೆಂದರೆ ನಮ್ಮ ನಾಡಿನದೇ ಒಂದಿದೆ. 1922ರಲ್ಲಿ ಹುಟ್ಟಿದ ಡಾ. ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಪ್ರಸಿದ್ಧರಾದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದು, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೊವೇವ್ ಮತ್ತು ಆಂಟೆನಾಗಳ ಸಂಶೋಧನೆಯಲ್ಲಿ 20 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದರು. ಇಲ್ಲಿ ಗಮನಾರ್ಹವಾದುದು ಸರಪಳಿಯ ಪ್ರತಿಯೊಂದು ಕೊಂಡಿಯೂ ಕಾಣುತ್ತದೆಂಬುದು: ಓದಿದ ಅಜ್ಜಿ, ವೇತನ, ಮಾರ್ಗದರ್ಶಕ, ಮರಳಿ ಬರಲು ಒಂದು ಸ್ಥಾನ, ಆಮೇಲೆ ತನ್ನ ಶಿಷ್ಯರು. ಹುಮನಾಬಾದಿನ ತೊಗಲಿನ ಕೆಲಸದವನ ಮಗಳಿಗೆ ಈ ಕೊಂಡಿಗಳಲ್ಲಿ ಒಂದೆರಡನ್ನು ಮಾತ್ರ ಸರ್ಕಾರ ಒದಗಿಸಬಲ್ಲುದು. ಓದಿದ ಅಜ್ಜಿಯ ಸ್ಥಾನದಲ್ಲಿ ಯಾರಾದರೂ ನಿಲ್ಲಬೇಕು. ಕಾಲೇಜಿನ ಅಧ್ಯಾಪಕರಲ್ಲದೆ ಬೇರೆ ಯಾರಿದ್ದಾರೆ?

ಅಧ್ಯಾಪಕರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಡಿಜಿಲ್ಲೆಯ ಕಾಲೇಜಿನಲ್ಲಿ ಪಾಠ, ಪರೀಕ್ಷೆ, ತಪಾಸಣೆಗಳ ದಾಖಲೆ ಇವುಗಳಲ್ಲಿಯೇ ದಿನ ಕಳೆದುಹೋಗುತ್ತದೆ. ಪಿಎಚ್.ಡಿ. ಪಡೆದವರೇ ಮಾರ್ಗದರ್ಶಕರಾಗಬಹುದು, ಅಂಥವರು ಕಡಮೆ, ಇರುವವರೂ ಅವಕಾಶ ಸಿಕ್ಕಿದರೆ ಬೆಂಗಳೂರು, ಹೈದರಾಬಾದುಗಳಿಗೆ ಹೋಗುತ್ತಾರೆ. ಹೀಗಾಗಿ ಮಾರ್ಗದರ್ಶಕರಿಲ್ಲದೆ ಸಂಶೋಧಕರಿಲ್ಲ, ಸಂಶೋಧಕರಿಲ್ಲದೆ ಮಾರ್ಗದರ್ಶಕರಿಲ್ಲ ಎಂಬ ಸ್ಥಿತಿ. ಸೇತುವೆಯ ಮಾದರಿ ಇಲ್ಲಿ ಉಪಯೋಗಕ್ಕೆ ಬರಬಹುದೆಂದು ನಮಗೆ ತೋರುತ್ತದೆ. 2017ರಿಂದ ಬೀದರ–ಹುಮನಾಬಾದ–ಕಲಬುರಗಿ ರೈಲುಮಾರ್ಗ ತೆರೆದಿದೆ. ಕಲಬುರಗಿಯ ಕಾಲೇಜುಗಳಿಗೂ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ, ಇನ್ನೊಂದು ದಿಕ್ಕಿನಲ್ಲಿ ಹೈದರಾಬಾದಿನ ಪ್ರಯೋಗಾಲಯಗಳಿಗೂ ಇಲ್ಲಿಂದ ಹೋಗಿಬರುವುದು ಅಸಾಧ್ಯವಲ್ಲ.

ವಿಷಯಕ್ಕೇನೂ ಕೊರತೆಯಿಲ್ಲ. ಬೀದರಿನ ಜಂಬಿಟ್ಟಿಗೆಯ ಪ್ರಸ್ಥಭೂಮಿ, ಕಲ್ಯಾಣದ ಕಡೆಯ ಕರಿಕಲ್ಲಿನ ನೆಲ ಇವೆರಡರಲ್ಲಿ ನೀರು ಇಂಗುವ ಬಗೆ ಬೇರೆ ಬೇರೆ. ಜಂಬಿಟ್ಟಿಗೆ ನೀರನ್ನು ಒಳಕ್ಕೆ ಬಿಡುತ್ತದೆ. ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ. ಎರಡು ಕೂಡುವ ಮಟ್ಟದಲ್ಲಿ ಊಟೆ ಹೊರಡುತ್ತದೆ. ನೌಬಾದಿನ ಕಾರೇಜು ಈ ಮರ್ಮವನ್ನು ಅರಿತು ಮಾಡಿದ ಕೆಲಸ. ಬಾವಿ ತೋಡುವ ಮನೆತನಗಳಿಗೆ ಇದು ಕೈಯ ಅನುಭವದಿಂದ ತಿಳಿದ ವಿಷಯ. ಆ ಮನೆತನದ ಹುಡುಗನೊಬ್ಬನು ಜಲವಿಜ್ಞಾನದಲ್ಲಿ ಸಂಶೋಧನೆಗೆ ಬಂದರೆ, ಅವನ ತಂದೆಯ ಮಾತನ್ನು ಅಜ್ಞಾನವೆಂದು ತಳ್ಳದೆ ಪ್ರಯೋಗಕ್ಕೆ ಒಡ್ಡಿ ನೋಡೋಣವೆನ್ನುವ ಗುರು ಬೇಕು. ಮಾನಸೋಲ್ಲಾಸದಲ್ಲಿ ಆದಂತೆ ವಿದ್ಯೆ ಮಾತ್ರ ಗ್ರಂಥಕ್ಕೆ ಬಂದು ವಿದ್ಯಾವಂತನು ಹೊರಗೆ ಉಳಿಯಬಾರದು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪದ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಕಟ್ಟಡ ಭವ್ಯವಾಗಲಿ. ಅದರ ಒಂದು ಮೂಲೆಯಲ್ಲಿ ಇಂತಹ ವಿದ್ಯಾರ್ಥಿಗಳೂ ಸಂಶೋಧಕರೂ ಸೇರಿ ಪ್ರಶ್ನೋತ್ತರ ನಡೆಸುವಂತಾದರೆ ಹೆಸರಿಗೆ ಒಪ್ಪುತ್ತದೆ.

ಇತಿಹಾಸ ವಿಭಾಗದವರಾದ ನಮಗೆ ಉಳಿದಿರುವ ಕೆಲಸ ಬೇರೊಂದಿದೆ. ಪ್ರವೇಶದ ಚರಿತ್ರೆಗೆ ಸರ್ಕಾರಿ ಆದೇಶಗಳು, ಸಮಿತಿಯ ವರದಿಗಳು ಇವೆ. ಒಡನಾಟದ ಚರಿತ್ರೆಗೆ ಆಧಾರ ಎಲ್ಲಿದೆ? ಪ್ರತಿಯೊಂದು ಮಹಾಪ್ರಬಂಧದ ಮೊದಲಿಗೆ ಕೃತಜ್ಞತೆಯ ಪುಟವೊಂದು ಇರುತ್ತದೆ. ಪರೀಕ್ಷಕರು ಅದನ್ನು ಓದದೆ ಮಗುಚುತ್ತಾರೆ. ಅಲ್ಲಿ ಮಾರ್ಗದರ್ಶಕರ ಹೆಸರಿನ ಜೊತೆಗೆ, ಶುಲ್ಕ ಕಟ್ಟಿದ ಸೋದರಮಾವ, ಹಾಸ್ಟೆಲಿನ ವಾರ್ಡನ್, ಇಂಗ್ಲಿಷನ್ನು ತಿದ್ದಿಕೊಟ್ಟ ಗೆಳತಿ, ವರ್ಕ್‌ಷಾಪಿನಲ್ಲಿ ಉಪಕರಣವನ್ನು ಸರಿಮಾಡಿಕೊಟ್ಟ ಮೆಕ್ಯಾನಿಕ್ ಇವರೆಲ್ಲ ಬರುತ್ತಾರೆ. ಈ ಸೀಮೆಯಿಂದ ಹೋಗಿ ಸಂಶೋಧನಪದವಿ ಪಡೆದ ಇಂಜಿನಿಯರುಗಳ ಮಹಾಪ್ರಬಂಧಗಳನ್ನು ಗ್ರಂಥಾಲಯಗಳಲ್ಲಿ ಹುಡುಕಿ, ಆ ಪುಟಗಳನ್ನು ಪ್ರತಿಮಾಡಿ ಒಂದೆಡೆ ಸೇರಿಸುವ ಕೆಲಸಕ್ಕೆ ಬಿ.ಎ., ಎಂ.ಎ. ವಿದ್ಯಾರ್ಥಿಗಳು ಸಾಕು. ಬಸವಕಲ್ಯಾಣ, ಹುಮನಾಬಾದಗಳ ಕಾಲೇಜುಗಳ ಇತಿಹಾಸ ಅಧ್ಯಾಪಕರು ತಮ್ಮ ಊರಿನ ಇಂತಹ ಒಂದೆರಡು ಪ್ರಬಂಧಗಳಿಂದ ಈ ಕೆಲಸವನ್ನು ಆರಂಭಿಸಬಹುದು.